ದೊಡ್ಡ ಗಿಡದ ಬುಡಕ್ಕೆ

ಸ್ಯಾಕ್ರಮೆಂಟೊ

ಮೋರಟಗಿಯ ಹಿಟ್ಟಿನ ಗಿರಣಿಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ತೂಗುತ್ತಿದೆ. ಮರವೊಂದರ ಹೊಟ್ಟೆಯೊಳಗಿಂದ ಕಾರು ಹಾಯ್ದು ಹೋಗುವ ಚಿತ್ರ ಅದರಲ್ಲಿದೆ. ವರ್ಷಗಳು ಕಳೆದರೂ ಗಿರಣಿಯವನು ಅದನ್ನು ತೆಗೆದಿಲ್ಲ. ನನ್ನ ಅಕ್ಕ ಶಿವಲಿಂಗವ್ವ ಜೋಳ ಬೀಸಿಸಲು ಹೋದಾಗಲೆಲ್ಲ ಅದನ್ನು ನೋಡಿ, ಇದು ಸುಳ್ಳು ಎಂದು ತೀರ್ಪು ಕೊಟ್ಟು ಬರುತ್ತಿದ್ದಳು. ಅವಳ ಮಗಳು ರೇಣುಕಾ ಕ್ಯಾಲಿಫೋರ್ನಿಯಾದಲ್ಲಿ ನರ್ಸ್. ಒಮ್ಮೆ ಫೋನಿನಲ್ಲಿ ಮಾತಿಗೆ ಮಾತು ಬಂದು, ಅಂಥ ಮರ ತನ್ನ ಊರಿನಿಂದ ಅರ್ಧ ದಿನದ ದಾರಿಯಲ್ಲೇ ಇದೆ ಎಂದಳು. ಅಕ್ಕ ತಕ್ಷಣ ನನಗೆ ಫೋನ್ ಮಾಡಿದಳು.

“ಮಲ್ಲೂ, ಪಾಸ್‌ಪೋರ್ಟ್ ಮಾಡಸು. ಖರೇನೋ ಸುಳ್ಳೋ ನೋಡೇ ಬರೂಣು.”

ನಾನು ಆಲಮಟ್ಟಿಯ ಕಾಲುವೆಯ ಮೇಲೆ ಮೂವತ್ತು ವರ್ಷ ನೀರಿನ ಮಟ್ಟ ಓದಿದವನು. ಮುಂಜಾನೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಈಗ ನಿವೃತ್ತನಾಗಿ ಮನಗೂಳಿಯಲ್ಲಿದ್ದೇನೆ. ಎಪ್ಪತ್ತೆರಡರ ಅಕ್ಕನಿಗೆ ಸಕ್ಕರೆ ಕಾಯಿಲೆ. ಗುಳಿಗೆಗೂ ಊಟಕ್ಕೂ ಗಡಿಯಾರ ನೋಡುವವನೊಬ್ಬ ಅವಳ ಜೊತೆಗೆ ಬೇಕಿತ್ತು. ಹೀಗೆ ನಾವಿಬ್ಬರೂ ಹೊರಟೆವು.

ರೇಣುಕಾಳ ಗಂಡ ನಂಜುಂಡಸ್ವಾಮಿ ಮಳವಳ್ಳಿ ಕಡೆಯವನು. ಸ್ಯಾಕ್ರಮೆಂಟೊದಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ನಾವು ಸ್ವಾಮಿ ಎನ್ನುತ್ತೇವೆ. ವಿಮಾನ ನಿಲ್ದಾಣದಲ್ಲಿ ಅವನು ಬಾಗಿ ಅಕ್ಕನ ಕಾಲು ಮುಟ್ಟಿ, “ಪ್ರಯಾಣ ಹೇಗಿತ್ತು ಅತ್ತೆ?” ಎಂದು ಕೇಳಿದ. ಅಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

“ಛಲೋ ಆತು ಅಂತ ಹೇಳೋ ಅಳಿಯಾರಿಗೆ.”

ಅಳಿಯಾರು ಎರಡು ಮೊಳ ದೂರದಲ್ಲಿ ನಿಂತಿದ್ದರು. ನಾನು ಹೇಳಿದೆ.

ಮನೆಯಲ್ಲಿಯೂ ಹಾಗೆಯೇ ನಡೆಯಿತು. “ಅಳಿಯಾರಿಗೆ ಇನ್ನೊಂದು ರೊಟ್ಟಿ ನೀಡು.” “ಅಳಿಯಾರು ಚಾ ಕುಡದ್ರೇನು ಕೇಳು.” ಒಂದೇ ಮೇಜು, ನಾಲ್ಕು ಕುರ್ಚಿ. ಎಲ್ಲ ಮಾತೂ ನನ್ನ ಮೂಲಕ ಹಾಯ್ದು ಹೋಗಬೇಕು. ಮೂರನೆಯ ದಿನ ಮುಂಜಾನೆ ಕಾರಿಗೆ ಸಾಮಾನು ಹೇರುವಾಗ ಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದ.

“ಮಾವ, ಒಂದು ಮಾತು ಕೇಳ್ಲಾ? ಅತ್ತೆಗೆ ನನ್ ಕಂಡ್ರೆ ಆಗಲ್ವಾ?”

“ಹಾಗೇನಿಲ್ಲ. ಅದು ಗೌರವ,” ಎಂದೆ. ನಮ್ಮ ಹಳೆಯ ಮನೆಗಳಲ್ಲಿ ಅತ್ತೆಯಾದವಳು ಅಳಿಯನೆದುರು ನಿಂತು ನೇರ ಮಾತಾಡುವುದಿಲ್ಲ, ಅಕ್ಕ ಆ ಕಾಲದವಳು ಎಂದು ತಿಳಿಸಿ ಹೇಳಿದೆ.

“ಮದುವೆಯಾಗಿ ಆರು ವರ್ಷ ಆಯ್ತು ಮಾವ. ನಮ್ಮೂರಲ್ಲಿ ಪೊಲೀಸ್ನೋರಿಗೂ ಇಷ್ಟು ಗೌರವ ಕೊಡಲ್ಲ.” ಅವನು ಚೀಲವೊಂದನ್ನು ಇಟ್ಟು, ತೆಗೆದು, ಮತ್ತೆ ಇಟ್ಟ. “ನಮ್ಮವ್ವ ಹೋದ್ಮೇಲೆ ಮನೇಲಿ ದೊಡ್ಡೋರು ಅಂತ ಯಾರೂ ಇಲ್ಲ. ಇವರು ಒಂದು ತಿಂಗಳು ಇರ್ತಾರೆ, ನನ್ ಹತ್ರ ನಾಲ್ಕು ಮಾತಾಡ್ತಾರೆ ಅಂದ್ಕೊಂಡಿದ್ದೆ.”

ನಾನು ಕಾರಿನ ಡಿಕ್ಕಿ ಮುಚ್ಚಿದೆ.

ಹೊಟ್ಟೆ ಕೊರೆದ ಮರ

ಕ್ಯಾಲೆಂಡರಿನ ಮರ ಸುಳ್ಳಾಗಿರಲಿಲ್ಲ. ಅದೇ ಮರವೋ ಅದರ ಅಣ್ಣತಮ್ಮನೋ ನನಗೆ ಗೊತ್ತಿಲ್ಲ. ಹೊಟ್ಟೆಯಲ್ಲಿ ಕಾರು ಹಿಡಿಯುವಷ್ಟು ದಾರಿ ಇತ್ತು. ಸ್ವಾಮಿ ಕಾರಿನ ಎರಡೂ ಕನ್ನಡಿ ಮಡಚಿದ. ನಾನು ಪಕ್ಕದಲ್ಲಿ ಕೂತು, ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ಮೂರು ಬೆರಳು ಎಂದು ಹೇಳುತ್ತಾ ಹೋದೆ. ಅಕ್ಕ ಮೊದಲೇ ಇಳಿದು ನಿಂತಿದ್ದಳು. ಹಿಂದೆ ಹನ್ನೊಂದು ಕಾರು ಕಾಯುತ್ತಿದ್ದವು. ಯಾರೂ ಹಾರ್ನ್ ಒತ್ತಲಿಲ್ಲ. ಸಿಂದಗಿ ಬಸ್ ನಿಲ್ದಾಣದ ಎದುರಾಗಿದ್ದರೆ ಇಷ್ಟರಲ್ಲಿ ನಮ್ಮ ಮೂರು ತಲೆಮಾರಿನವರನ್ನು ಮಾತಾಡಿಸಿರುತ್ತಿದ್ದರು.

ಅಕ್ಕ ಮಾತ್ರ ಒಳಗಿಂದ ಹಾಯಲಿಲ್ಲ. ಹೊರಗಿನಿಂದ ಸುತ್ತು ಹಾಕಿ, ತೊಗಟೆಗೆ ಅಂಗೈ ಇಟ್ಟು ಬಂದಳು.

“ಖರೇನ ಐತಿ ಬಿಡು. ಆದ್ರ ಛಲೋ ಕೆಲಸ ಅಲ್ಲ. ಜೀವ ಇದ್ದದ್ದರ ಹೊಟ್ಟಿ ಕೊರದಾರ.”

ಅಷ್ಟು ದೂರ ನೋಡಲು ಬಂದದ್ದು ಇದನ್ನೇ. ಐದು ನಿಮಿಷದಲ್ಲಿ ಅವಳ ಕೆಲಸ ಮುಗಿಯಿತು.

ಯುರೇಕಾ: ಕಟ್ಟಿಗೆಯ ವಾಡೆ

ಸಮುದ್ರದ ಪಕ್ಕದ ಈ ಊರು ಮರ ಕಡಿದು ಮಾರಿ ಬೆಳೆದದ್ದು. ಹಳೆಯ ಮರದ ವ್ಯಾಪಾರಿಗಳು ಕಟ್ಟಿಸಿದ ಮನೆಗಳು ಬೀದಿಗೆ ನಾಲ್ಕರಂತೆ ಇವೆ. ಗೋಪುರ, ಮೊಗಸಾಲೆ, ಕಂಬಕ್ಕೊಂದು ಕೆತ್ತನೆ, ಕಿಟಕಿಗೊಂದು ಬಣ್ಣ. ಅಂಥದೇ ಒಂದರಲ್ಲಿ ನಮಗೆ ಮೂರು ರಾತ್ರಿಯ ವಸತಿ. ಮನೆಯೊಡತಿ ಡೊರೊತಿ ಎಂಬ ಹೆಂಗಸು. ಎಂಬತ್ತು ದಾಟಿದ್ದಾಳೆ. ಕೋಲು ಹಿಡಿದಿದ್ದಾಳೆ, ಊರುವುದಿಲ್ಲ. ಅದರಿಂದ ತೋರಿಸುತ್ತಾಳೆ, ಅಷ್ಟೇ.

ನಮ್ಮ ಕಡೆ ಇಂಡಿ, ಮುದ್ದೇಬಿಹಾಳದ ಊರುಗಳಲ್ಲಿ ಗೌಡರ ವಾಡೆಗಳನ್ನು ನೋಡಿದವನು ನಾನು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ಬಾಗಿಲಿಗೆ ಹಿತ್ತಾಳೆಯ ಗುಬ್ಬಿಮೊಳೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಮಡಕೆಯೊಳಗೆ ಇಳಿದಂತೆ ತಂಪು. ಇಲ್ಲಿ ಮಣ್ಣೂ ಇಲ್ಲ, ಕಲ್ಲೂ ಇಲ್ಲ. ನೆಲ, ಗೋಡೆ, ಸೂರು, ಮೆಟ್ಟಿಲು ಎಲ್ಲವೂ ಕೆಂಪು ಕಟ್ಟಿಗೆ. ಅಕ್ಕ ಬೆರಳಿನ ಗೆಣ್ಣಿನಿಂದ ಗೋಡೆ ಬಡಿದು ನೋಡಿದಳು.

“ಅವ್ವಾರ, ಬರೇ ಕಟಗಿ ಐತೆಲ್ಲರಿ. ಬೆಂಕಿ ಬಿದ್ರ ಹೆಂಗ್ರಿ?” ಎಂದು ಡೊರೊತಿಯನ್ನೇ ಕೇಳಿದಳು.

ಡೊರೊತಿಗೆ ಕನ್ನಡ ಎಲ್ಲಿಂದ ಬರಬೇಕು. ಆದರೆ ಅಕ್ಕನ ಕೈ, ಗೋಡೆ, ಒಲೆಯ ಕಡೆಗಿನ ಕಣ್ಣು ನೋಡಿ, ಕೋಲಿನಿಂದ ಮೂಲೆಗಳನ್ನು ತೋರಿಸಿದಳು. ಮೂಲೆಮೂಲೆಗೆ ಮರಳಿನ ಬಕೆಟ್. ಅಕ್ಕ ತೃಪ್ತಳಾಗಿ ತಲೆಯಾಡಿಸಿದಳು. ಆಮೇಲೆ ಅವರಿಬ್ಬರೂ ಅಡುಗೆಮನೆ ಸೇರಿ, ಒಬ್ಬಳು ಇಂಗ್ಲಿಷಿನಲ್ಲಿ, ಒಬ್ಬಳು ಮೋರಟಗಿಯ ಮಾತಿನಲ್ಲಿ, ಮುಕ್ಕಾಲು ಗಂಟೆ ಮಾತಾಡಿದರು. ಒಮ್ಮೆ ನಗುವೂ ಕೇಳಿಸಿತು.

ಸ್ವಾಮಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. “ನೋಡಿದ್ರಾ ಮಾವ? ಕನ್ನಡ ಬರದೋರ ಹತ್ರ ಮಾತಾಡ್ತಾರೆ.”

ಮರುದಿನ ತಪ್ಪು ನನ್ನದು. ನಾನು ಎಲ್ಲಿದ್ದರೂ ಐದಕ್ಕೆ ಸ್ನಾನ. ಆ ಮನೆಯ ನಳಗಳು ಮನೆಯಷ್ಟೇ ಹಳೆಯವು. ತಿರುಗಿಸಿದೊಡನೆ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತೆ ಸದ್ದಾಗಿ ಇಡೀ ವಾಡೆ ಎದ್ದು ಕೂತಿತು. ಏಳಕ್ಕೆ ಬಾಗಿಲಲ್ಲಿ ಒಂದು ಚೀಟಿ: ಏಳರ ಮೊದಲು ನೀರು ಬೇಡ, ತಿಂಡಿ ಎಂಟೂವರೆಗೆ, ಎಂಟು ಮೂವತ್ತೊಂದಕ್ಕೆ ಅಲ್ಲ. ನನಗೆ ಸಿಟ್ಟು ಬರಲಿಲ್ಲ. ನಿಮಿಷದ ಲೆಕ್ಕವಿಡುವ ಇಂಥ ಬರಹವನ್ನು ನಾನು ಬಹಳ ವರ್ಷ ನೋಡಿರಲಿಲ್ಲ. ಎಂಟು ಇಪ್ಪತ್ತೊಂಬತ್ತಕ್ಕೆ ಮೇಜಿನೆದುರು ನಿಂತೆ. ಡೊರೊತಿ ಗಡಿಯಾರ ನೋಡಿ, ನನಗೊಂದು ಮೊಟ್ಟೆ ಹೆಚ್ಚಿಗೆ ಹಾಕಲು ಬಂದಳು. ನಾನು ತಿನ್ನುವುದಿಲ್ಲ ಎಂದಾಗ ಎರಡು ಕಿತ್ತಳೆ ಇಟ್ಟಳು.

ಕಾಡು

ಮೂರನೆಯ ದಿನ ಉತ್ತರಕ್ಕೆ ಹೋದೆವು. ಊರು ಬಿಟ್ಟು ಒಂದು ಗಂಟೆಯಾಗುವಷ್ಟರಲ್ಲಿ ಬೆಳಕು ಕಡಿಮೆಯಾಯಿತು. ಮೋಡವಲ್ಲ, ಮರ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಆಕಾಶವೆಂದರೆ ತಲೆಯ ಮೇಲೆ ತಾನಾಗಿ ಇರುವ ವಸ್ತು. ಇಲ್ಲಿ ಅದನ್ನು ಹುಡುಕಬೇಕು. ನಮ್ಮ ಆಲಮಟ್ಟಿ ಅಣೆಕಟ್ಟಿನ ಬುಡದಲ್ಲಿ ಈ ಮರವನ್ನು ನಿಲ್ಲಿಸಿದರೆ ಕಟ್ಟೆ ಮುಗಿದ ಮೇಲೂ ಅಷ್ಟೇ ಎತ್ತರ ಉಳಿಯುತ್ತದೆ. ಒಂದರ ಸುತ್ತ ಹೆಜ್ಜೆ ಹಾಕಿ ಎಣಿಸಿದೆ: ಇಪ್ಪತ್ತೆರಡು. ನೆಲಕ್ಕೆ ಬಿದ್ದ ಎಲೆಯ ಮೇಲೆ ಕಾಲಿಟ್ಟರೆ ಜೋಳದ ಕಣಕಿಯ ಬಣವೆ ಹತ್ತಿದಂತೆ ಕುಸಿಯುತ್ತದೆ. ಮಾತು ಬಾಯಿಂದ ಹೊರಟು ಹತ್ತು ಮಾರು ಹೋಗುವುದರೊಳಗೆ ಅದರಲ್ಲೇ ಇಂಗಿಹೋಗುತ್ತದೆ.

ಕಾಡಿನ ದಾರಿಗಳು ಶುರುವಾಗುವಲ್ಲಿ ಒಂದು ಚಿಕ್ಕ ಕಟ್ಟಿಗೆಯ ಕೋಣೆ. ಪ್ರವಾಸಿಗಳಿಗೆ ನಕ್ಷೆ ಕೊಡುವ ವಯಸ್ಸಾದ ಹೆಂಗಸೊಬ್ಬಳು ಅಲ್ಲಿದ್ದಳು. ಪಕ್ಕದಲ್ಲಿ ಕುಂಡಗಳಲ್ಲಿ ಸಸಿಗಳು, ಒಂದು ದೊಡ್ಡ ಹೂವಿನ ಪೊದೆ. ಅಕ್ಕನಿಗೆ ಮೊಣಕಾಲು ನೋವು. ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಸ್ವಾಮಿ ಜೊತೆಗಿದ್ದ. ರೇಣುಕಾ ಕಾರು ನಿಲ್ಲಿಸಲು ಜಾಗ ಹುಡುಕಿ ಹೋದಳು. ನಾನು ನಲವತ್ತು ನಿಮಿಷದ ಸುತ್ತು ಎಂದು ಬರೆದಿದ್ದ ದಾರಿ ಹಿಡಿದೆ. ಊಟ ಹನ್ನೆರಡೂವರೆಗೆ ಎಂದು ಎಲ್ಲರಿಗೂ ಹೇಳಿಯೇ ಹೋದೆ.

ಹನ್ನೆರಡು ಇಪ್ಪತ್ತಕ್ಕೆ ಮರಳಿ ಬಂದೆ. ರೇಣುಕಾ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಸ್ವಾಮಿ ನೀರಿನ ಬಾಟಲಿ ಹಿಡಿದು ನಿಂತಿದ್ದ. ಬೆಂಚು ಬರಿದಾಗಿತ್ತು.

“ಅಕ್ಕ ಎಲ್ಲಿ?”

“ಇಲ್ಲೇ ಇದಾರೆ ಮಾವ. ಗಿಡದ ಹತ್ರ ಕೂತಿರ್ತೀನಿ ಅಂದ್ರು.”

“ನಿನಗೆ ಹೇಳಿದಳೇ?”

“ನನಗೆಲ್ಲಿ ಹೇಳ್ತಾರೆ? ನಾನು ನಳದ ಹತ್ರ ನೀರು ಹಿಡೀತಿದ್ದೆ. ಬೆಂಚಿಗೆ ಹೇಳಿ ಹೋದ್ರು.”

ಕುಂಡಗಳ ಹತ್ತಿರ ನೋಡಿದೆವು. ಪೊದೆಯ ಹಿಂದೆ ನೋಡಿದೆವು. ರೇಣುಕಾ ಹೆಂಗಸರ ಶೌಚಾಲಯ ನೋಡಿ ಬಂದಳು. ಅಕ್ಕ ಎಲ್ಲಿಯೂ ಇರಲಿಲ್ಲ. ಹನ್ನೆರಡೂ ಮುಕ್ಕಾಲು. ಗುಳಿಗೆ ಮುಂಜಾನೆ ನುಂಗಿಯಾಗಿತ್ತು. ಗುಳಿಗೆ ನುಂಗಿ ಊಟ ತಪ್ಪಿದರೆ ಅವಳಿಗೆ ಮೊದಲು ಕೈ ನಡುಗುತ್ತದೆ, ಆಮೇಲೆ ಕಣ್ಣಿಗೆ ಕತ್ತಲೆ ಬರುತ್ತದೆ. ನಮ್ಮ ಮೂವರಿಗೂ ಇದು ಗೊತ್ತು. ಸ್ವಾಮಿಗೆ ಹೆಚ್ಚು ಗೊತ್ತು, ಅದು ಅವನ ಕೆಲಸ.

“ಸ್ವಾಮಿ, ಅವಳು ಆಡಿದ ಮಾತನ್ನು ಹಾಗೇ ಹೇಳು. ಒಂದು ಅಕ್ಷರ ಬಿಡಬೇಡ.”

ಅವನು ಕಣ್ಣು ಮುಚ್ಚಿ, ಅಕ್ಕನ ದನಿಯನ್ನೇ ತಂದು ಹೇಳಿದ: “ಯಾರರೆ ಕೇಳಿದ್ರ, ದೊಡ್ಡ ಗಿಡದ ಬುಡಕ್ಕ ಕುಂತಿರ್ತೇನಿ ಅಂತ ಹೇಳ್ರಿ.”

ನಾನು ಕುಂಡಗಳ ಕಡೆಯಿಂದ ಕಾಡಿನ ಕಡೆ ತಿರುಗಿದೆ.

“ಸ್ವಾಮಿ, ನಮ್ಮ ಕಡೆ ಗಿಡ ಅಂದರೆ ಮರ. ಆಲದ ಗಿಡ, ಬೇವಿನ ಗಿಡ, ಹುಣಸಿ ಗಿಡ. ಎಲ್ಲವೂ ಗಿಡವೇ.”

ಅವನು ಕತ್ತು ಮೇಲೆತ್ತಿದ. ನಾವು ನಿಂತ ಜಾಗದಿಂದ ಕಣ್ಣು ಹಾಯುವವರೆಗೂ ಅವೇ ಇದ್ದವು, ಒಂದಕ್ಕಿಂತ ಒಂದು ದೊಡ್ಡವು.

“ಇದ್ರಲ್ಲಿ ದೊಡ್ಡದು ಯಾವ್ದು ಮಾವ?”

ಆರು ವರ್ಷದಲ್ಲಿ ಅವನಿಗೆ ಈ ಒಂದು ಶಬ್ದ ಯಾರೂ ಕಲಿಸಿರಲಿಲ್ಲ. ರೇಣುಕಾ ಅವನೊಡನೆ ಅರ್ಧ ಇಂಗ್ಲಿಷು, ಅರ್ಧ ಅವನದೇ ಕನ್ನಡ ಆಡುತ್ತಾಳೆ. ನಾನೂ ತಿಳಿಯಲೆಂದು ಪುಸ್ತಕದ ಕನ್ನಡ ಆಡುತ್ತಿದ್ದೆ. ಕಲಿಸಬೇಕಾದವಳು ಬೆಂಚಿನ ಜೊತೆ ಮಾತಾಡುತ್ತಿದ್ದಳು.

ನಕ್ಷೆಯ ಹೆಂಗಸು ಏನು ಉಟ್ಟಿದ್ದಾರೆ ಎಂದು ಕೇಳಿದಳು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು ಎಂದೆ. ಹೇಳಿದ ಮೇಲೆ ಸುತ್ತ ನೋಡಿದೆ. ನೆಲವೆಲ್ಲ ಹಸಿರು, ತೊಗಟೆಯೆಲ್ಲ ಕೆಂಪು. ಅವಳೂ ನೋಡಿ, ಸಹಾಯಕ್ಕೆ ರೇಡಿಯೋ ಎತ್ತಿಕೊಂಡಳು. ಫೋನುಗಳಿಗೆ ಅಲ್ಲಿ ಜೀವವಿರಲಿಲ್ಲ. ರೇಣುಕಾ ಕೋಣೆಯ ಹತ್ತಿರ ನಿಲ್ಲುವುದು, ನಾನು ಹೊಳೆಯ ಕಡೆಯ ದಾರಿ, ಸ್ವಾಮಿ ದಿಬ್ಬದ ಕಡೆಯ ದಾರಿ ಎಂದು ಹಂಚಿಕೊಂಡೆವು.

ಗಿಡದೊಳಗೆ

ಹೊಳೆಯ ದಾರಿಯಲ್ಲಿ ಅಕ್ಕ ಇರಲಿಲ್ಲ. ನಾನು “ಯಕ್ಕಾ” ಎಂದು ಕೂಗುತ್ತಾ ಅರ್ಧ ಗಂಟೆ ನಡೆದೆ. ಎದುರಾದವರು ನಿಂತು, ಕೇಳಿ, ತಾವೂ ಆ ಶಬ್ದವನ್ನು ಬಾಯಿಗೆ ಬಂದಂತೆ ಕೂಗುತ್ತಾ ಹೋದರು. ಒಬ್ಬ ಗಡ್ಡದ ಗಂಡಸು, ಇಬ್ಬರು ಹೆಂಗಸರು, ಯಾವ ದೇಶದವರೋ. ಕಾಡಿನ ತುಂಬ “ಯಕ್ಕಾ” ಆಯಿತು. ಉತ್ತರ ಬರಲಿಲ್ಲ. ತಾಯಿ ಸತ್ತ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಸಾಲೆಗೆ ಕಳಿಸಿದವಳು ಅವಳು. ಅಲ್ಲಿ ನಡೆಯುವಾಗ ನಾನು ಬೇರೇನನ್ನೂ ನೆನೆಯಲಿಲ್ಲ.

ದಿಬ್ಬದ ದಾರಿಯಲ್ಲಿ ನಡೆದದ್ದನ್ನು ಅಕ್ಕ ಒಂದು ರೀತಿ ಹೇಳಿದಳು, ಸ್ವಾಮಿ ಒಂದು ರೀತಿ. ಎರಡನ್ನೂ ಕೂಡಿಸಿ ಬರೆಯುತ್ತೇನೆ.

ಅಲ್ಲಿ ಒಂದು ಮರವಿದೆ. ಎಂದೋ ಬೆಂಕಿಗೆ ಸಿಕ್ಕಿ ಬುಡ ಟೊಳ್ಳಾಗಿದೆ, ಮೇಲೆ ಇನ್ನೂ ಹಸಿರಾಗಿದೆ. ಟೊಳ್ಳಿನೊಳಗೆ ನಾಲ್ಕು ಜನ ಮಲಗುವಷ್ಟು ಜಾಗ. ಬೆಂಚಿನಿಂದ ನೋಡಿದರೆ ಅದೇ ಎಲ್ಲಕ್ಕೂ ದೊಡ್ಡದಾಗಿ ಕಾಣುತ್ತದೆ, ಅಕ್ಕ ಹೇಳಿದ್ದು ಸುಳ್ಳಲ್ಲ. ಅವಳು ಅಲ್ಲಿಗೆ ನಡೆದು ಹೋದಳು. ಮೊದಲು ಬುಡಕ್ಕೆ ಕೂತಳು. ಗಾಳಿ ತಣ್ಣಗೆ ಬೀಸಿತೆಂದು ಒಳಗೆ ಸರಿದಳು. ಏಳಬೇಕೆಂದಾಗ ಕೈ ನಡುಗುತ್ತಿತ್ತು, ಕಾಲು ಏಳಲಿಲ್ಲ.

ಸ್ವಾಮಿ “ಅತ್ತೆ, ಅತ್ತೆ” ಎನ್ನುತ್ತಾ ಬಂದ. ಅವಳಿಗೆ ಕೇಳಿಸಿತು. ಅವಳು ಕೆಮ್ಮಿದಳು. ನಮ್ಮ ಮನೆಗಳಲ್ಲಿ ಅಳಿಯ ಅಂಗಳಕ್ಕೆ ಬಂದರೆ, ಒಳಗೆ ಮನುಷ್ಯರಿದ್ದಾರೆ ಎಂದು ತಿಳಿಸಲು ಅತ್ತೆ ಕೆಮ್ಮುತ್ತಾಳೆ. ಮಳವಳ್ಳಿಯವನಿಗೆ ಅದು ಹೇಗೆ ಗೊತ್ತಾಗಬೇಕು. ಯಾವುದೋ ಹಕ್ಕಿ ಎಂದುಕೊಂಡು ಮುಂದೆ ಹೋದ. ಅವಳು ಬಳೆ ಕುಲುಕಿದಳು. ಅದನ್ನು ಆ ಮೆತ್ತನೆಯ ಕಾಡು ನುಂಗಿಹಾಕಿತು. ಅವನು ದಿಬ್ಬದ ತುದಿಗೆ ಹೋಗಿ ಮರಳಿ ಬಂದ, ಮತ್ತೆ ಹಾಯ್ದು ಹೋದ. ದನಿ ದೂರವಾಯಿತು. ಆಮೇಲೆ ಅವನಿಗೇನಾಯಿತೋ, ದಾರಿಯ ಮಧ್ಯೆ ನಿಂತು, “ಅವ್ವಾ” ಎಂದ.

“ನನ್ನ ಕರದದ್ದೋ, ಸತ್ತ ಅವನವ್ವನ್ನ ಕರದದ್ದೋ ಗೊತ್ತಿಲ್ಲ,” ಎಂದು ಅಕ್ಕ ಆ ಸಂಜೆ ನನಗೆ ಹೇಳಿದಳು. “ಅವ್ವಾ ಅಂದವ್ಗ ಓ ಅನ್ನಲಿಲ್ಲಂದ್ರ ನಾ ಎಂಥಾ ಹೆಣಮಗಳಾದೆ?”

ಅವಳು ಓ ಎಂದಳು. “ಓ… ಇಲ್ಲೇ ಅದೇನ್ರಿ ನಾ. ಗಿಡದಾಗ.”

ದಾರಿಹೋಕರಿಂದ ಸುದ್ದಿ ಸಿಕ್ಕಿ ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಅವಳು ಗ್ಲೂಕೋಸ್ ಗುಳಿಗೆ ಚೀಪುತ್ತಿದ್ದಳು. ನಾವು ಬಂದ ದಿನದಿಂದ ಅವನ ಜೇಬಿನಲ್ಲಿ ಅದರ ಡಬ್ಬಿ ಇತ್ತಂತೆ. ನನಗೂ ಹೇಳಿರಲಿಲ್ಲ. ವೇಳೆ ಕಾಯಲೆಂದು ಅಷ್ಟು ದೂರ ಹೋದವನು ನಾನು. ನನ್ನ ಜೇಬಿನಲ್ಲಿದ್ದದ್ದು ಗಡಿಯಾರ ಮಾತ್ರ. ಸ್ವಾಮಿ ಮೊಣಕಾಲೂರಿ ಅವಳ ನಾಡಿ ಹಿಡಿದಿದ್ದ. ಅಕ್ಕ ಒಂದು ಕೈಯಿಂದ ಸೆರಗು ಎಳೆದುಕೊಳ್ಳಲು ನೋಡಿದಳು. ಆ ಕೈ ಅವನ ಹಿಡಿತದಲ್ಲಿತ್ತು. ಬಿಟ್ಟಳು.

“ಅಳಿಯಾರ, ಗಿಡ ಅಂದ್ರ ತಿಳೀಲಿಲ್ಲೇನ್ರಿ?”

“ನಮ್ಮೂರಲ್ಲಿ ಗಿಡ ಅಂದ್ರೆ ತುಳಸಿ ಗಿಡ ಅತ್ತೆ. ಇಷ್ಟೇ ಇರುತ್ತೆ.”

“ಹಂಗಾರ ಇದಕ್ಕೇನಂತೀರಿ?”

“ಮರ.”

“ಮರ ಅಂದ್ರ ಜ್ವಾಳ ಹಸನ ಮಾಡೂದಲ್ಲೇನ್ರಿ,” ಎಂದಳು ಅಕ್ಕ. ಮೊರಕ್ಕೆ ನಮ್ಮ ಕಡೆ ಮರ ಎನ್ನುತ್ತಾರೆ. “ಇದರಾಗ ಹೆಂಗ ಹಸನ ಮಾಡ್ತೀರಿ?”

ಅವನು ನಗಲು ಹೋದ. ಅಳು ಬಂತು. ಮರದ ಹೊರಗೆ ಹೋಗಿ ನಿಂತ.

ದಂಡೆ

ಮರುದಿನ ಸಮುದ್ರ. ನಾವು ನೋಡಿದ ನೀರೆಂದರೆ ಕೃಷ್ಣೆಯದು. ಕಟ್ಟೆ ಕಟ್ಟಿದರೆ ನಿಲ್ಲುತ್ತದೆ, ಗೇಟು ಎತ್ತಿದರೆ ಹೋಗುತ್ತದೆ, ಮಟ್ಟ ಇಷ್ಟು ಎಂದು ಬರೆದುಕೊಳ್ಳಬಹುದು. ಈ ನೀರು ಬಂದು ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ದಂಡೆಗೆ ಇಳಿಯುವಲ್ಲಿ ಒಂದು ಫಲಕ: ಸಮುದ್ರಕ್ಕೆ ಬೆನ್ನು ಮಾಡಬೇಡಿ. ನಾನು ಅದನ್ನು ಕನ್ನಡದಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಕಾಡಿನಿಂದ ಬಂದ ಮೇಲೆ ನನಗೆ ಮಧ್ಯಸ್ಥಿಕೆಯ ಕೆಲಸ ಇಲ್ಲದಂತಾಗಿತ್ತು. ಅಕ್ಕ ಸ್ವಾಮಿಯೊಡನೆ ನೇರ ಮಾತಾಡುತ್ತಿದ್ದಳು. ಸೆರಗು ತಲೆಯ ಮೇಲಿತ್ತು, ಹಣೆಗೆ ಇಳಿಯುತ್ತಿರಲಿಲ್ಲ. ಆದರೆ ಪ್ರತಿ ಮಾತಿಗೂ ಒಂದು ರೀ. “ಗಾಡಿ ಸಾವಕಾಶ ಹೊಡೀರಿ ಅಳಿಯಾರ.” “ಇನ್ನೊಂದೀಟ ಅನ್ನ ಹಾಕ್ಕೋರಿ.” ಸ್ವಾಮಿಗೆ ಅಷ್ಟೇ ಸಾಕಾಗಿತ್ತು. ಹೂಂ ಅತ್ತೆ, ಹೂಂ ಅತ್ತೆ ಎಂದು ತಲೆಯಾಡಿಸುತ್ತಿದ್ದ.

ದಂಡೆಯಲ್ಲಿ ಮರಳು ಕಪ್ಪು. ನೀರಿನಿಂದ ಎದ್ದ ಬಂಡೆಗಳ ಮೇಲೆ ಮಂಜು ಕೂತಿತ್ತು. ಡೊರೊತಿ ಕಟ್ಟಿಕೊಟ್ಟ ಬ್ರೆಡ್ಡಿಗೆ ಅಕ್ಕ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ ಎಲ್ಲರಿಗೂ ಕೊಟ್ಟಳು. ತಿಂದಾದ ಮೇಲೆ ಸ್ವಾಮಿ ನಮ್ಮ ಮೂವರ ಫೋಟೋ ತೆಗೆಯುತ್ತೇನೆಂದ. ಅಕ್ಕ, ರೇಣುಕಾ, ನಾನು ಸಾಲಾಗಿ ನಿಂತೆವು. ಅವನು ಫೋನ್ ಹಿಡಿದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಹಿಂದೆ ಹಿಂದೆ ಸರಿದ.

ನಾನು ಬೋರ್ಡು ಓದಿ ಹೇಳಿದವನು. ಆದರೂ ಅವನ ಬೆನ್ನ ಹಿಂದೆ ನೀರು ಎತ್ತರವಾದದ್ದನ್ನು ಮೊದಲು ನೋಡಿದ್ದು ನಾನಲ್ಲ.

“ಏ ಸ್ವಾಮಿ, ಮುಂದ ಬಾ. ಓಡಿ ಬಾ,” ಎಂದಳು ಅಕ್ಕ. ಅವಳ ದನಿ ಹಿತ್ತಲಿನಿಂದ ಮಗನನ್ನು ಕರೆಯುವ ದನಿಯಾಗಿತ್ತು.

ಅವನು ಓಡಿದ. ನೀರು ಮೊಣಕಾಲಿನವರೆಗೆ ಹಿಡಿದು, ಬೀಳಿಸಿ, ಬಿಟ್ಟು ಹೋಯಿತು. ಎದ್ದು ನಮ್ಮ ಹತ್ತಿರ ಬಂದ. ಫೋನು ಕೈಯಲ್ಲೇ ಇತ್ತು. ಕನ್ನಡಕ ಇರಲಿಲ್ಲ.

“ಬುದ್ಧಿ ಐತೇನು ನಿನಗ?” ಎಂದು ಅಕ್ಕ ಶುರು ಮಾಡಿದಳು. “ಮಲ್ಲೂ ಓದಿ ಹೇಳಿದ್ದ ಕಿವಿಗೆ ಬೀಳಲಿಲ್ಲೇನು? ನಿನ್ನಿ ನನ್ನ ಹುಡಕಿ ತಂದಿ, ಇವತ್ತ ನಿನ್ನ ನಾ ಎಲ್ಲಿ ಹುಡಕ್ಲಿ? ನನಗ ಈಸಾಕ ಬರ್ತೈತೇನು? ಕುಂದ್ರು. ಬೂಟು ಬಿಚ್ಚು. ನೆಗಡಿ ಬಂದ್ರ ನಿನ್ನ ಅಂಗಡಿ ಔಷಧ ನಿನಗೇನೂ ಆಗೂದಿಲ್ಲ, ನೋಡೇನಿ ನಾ.”

ರೇಣುಕಾಳ ಬಾಯಿ ತೆರೆದೇ ಇತ್ತು. ಅಮ್ಮನ ಕೈ ಹಿಡಿದು, “ಯವ್ವಾ, ಹಂಗ ಏಕವಚನದಾಗ ಮಾತಾಡಬ್ಯಾಡ. ರೀ ಅನ್ನು. ಅವರಿಗೆ ಬ್ಯಾಸರ ಆಗ್ತೈತಿ,” ಎಂದು ಪಿಸುಗುಟ್ಟಿದಳು.

ಅಕ್ಕ ಮಾತು ನಿಲ್ಲಿಸಿದಳು. ಏನು ಅಂದೆನೆಂದು ಅವಳಿಗೂ ಆಗ ತಿಳಿದಿರಬೇಕು. ಕೈ ಸೆರಗಿನ ಕಡೆ ಹೋಯಿತು.

“ನೀನು ಸುಮ್ನಿರೇ,” ಎಂದ ಸ್ವಾಮಿ ಹೆಂಡತಿಗೆ. ಮರಳಿನ ಮೇಲೆ ಕೂತಿದ್ದ. ಕನ್ನಡಕವಿಲ್ಲದ ಕಣ್ಣನ್ನು ಅಕ್ಕನ ಕಡೆ ಎತ್ತಿ, “ನೆಗಡಿ ಬಗ್ಗೆ ಏನೋ ಹೇಳ್ತಿದ್ರ ಅತ್ತೆ,” ಎಂದ.

ಅಕ್ಕನ ಕೈ ಸೆರಗು ಬಿಟ್ಟಿತು. ಆಮೇಲೆ ಬಿಟ್ಟಲ್ಲಿಂದಲೇ ಹಿಡಿದಳು. ನೆಗಡಿಯಿಂದ ಅವನ ಊಟಕ್ಕೆ ಬಂದಳು, ಊಟದಿಂದ ನಿದ್ದೆಗೆಟ್ಟು ಫೋನ್ ನೋಡುವುದಕ್ಕೆ, ಅಲ್ಲಿಂದ ಅವನು ಇನ್ನೂ ಮೋರಟಗಿಗೆ ಬಂದು ಎಂಟು ದಿನ ನಿಂತಿಲ್ಲ ಎಂಬುದಕ್ಕೆ. ಮಂಜು ಒಂದು ಬಂಡೆ ಬಿಟ್ಟು ಇನ್ನೊಂದಕ್ಕೆ ಸರಿಯಿತು. ಸ್ವಾಮಿ ಅವಳ ಮಾತಿಗೆ ಕಿವಿಗೊಟ್ಟು, ಎಡಗಾಲಿನ ಬೂಟು ಬೋರಲು ಹಿಡಿದು ನೀರು ಸುರಿಸುತ್ತಾ ಕೂತಿದ್ದ.

ನಾನು ಮೂವತ್ತು ವರ್ಷ ನೀರು ಅಳೆದವನು. ಒಂದು ಬೂಟು ಬರಿದಾಗಲು ಅಷ್ಟು ಹೊತ್ತು ಹಿಡಿಯುವುದಿಲ್ಲ.